ಮುರಿದ ಮಣಿಕಟ್ಟಿಗೆ ಹೆಸರಿತ್ತ ಊರು

ಐರ್ಲೆಂಡಿನ ರಾಜಧಾನಿಯಾದ ಡಬ್ಲಿನ್ ನಗರವು ಲಿಫಿ ನದಿಯ ಎರಡು ದಡಗಳಲ್ಲಿಯೂ ಹಬ್ಬಿಕೊಂಡಿದೆ. ಸ್ವಿಫ್ಟ್, ಷಾ, ಯೇಟ್ಸ್, ಜಾಯ್ಸ್ ಮೊದಲಾದ ಸಾಹಿತಿಗಳ ತವರೆಂದು ಅದನ್ನು ನೋಡಲು ಹೋಗುವವರೇ ಹೆಚ್ಚು. ಆದರೆ ಅದೇ ಊರಿನ ಇನ್ನೊಂದು ಹೆಸರು ಜಗತ್ತಿನ ಆಸ್ಪತ್ರೆಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಅದು ಶಸ್ತ್ರವೈದ್ಯ ಅಬ್ರಹಾಂ ಕಾಲಿಸ್‌ನದು.

ಕಾಲು ಜಾರಿದವನು ಅಂಗೈ ಊರಿ ಮೈಯನ್ನು ತಡೆದುಕೊಳ್ಳುವುದು ಸಹಜ. ಆಗ ಭಾರವೆಲ್ಲ ಮಣಿಕಟ್ಟಿನ ಮೇಲೆ ಬಿದ್ದು, ಮುಂಗೈಯಲ್ಲಿ ಹೆಬ್ಬೆರಳಿನ ಕಡೆಗಿರುವ ಮೂಳೆ ತುದಿಯ ಹತ್ತಿರ ಮುರಿಯುತ್ತದೆ. ಮುರಿದ ತುಂಡು ಹಿಂದಕ್ಕೆ ಸರಿದು, ಪಕ್ಕದಿಂದ ನೋಡುವವರಿಗೆ ಕೈಯು ಊಟದ ಮೇಜಿನ ಮುಳ್ಳುಚಮಚದಂತೆ ಡೊಂಕಾಗಿ ಕಾಣುತ್ತದೆ. ನಡುವಯಸ್ಸು ದಾಟಿ ಮೂಳೆ ಸವೆದ ಹೆಂಗಸರಲ್ಲಿ ಇದು ಬಹು ಸಾಮಾನ್ಯ. ಇದಕ್ಕೇ ‘ಕಾಲಿಸ್ ಮುರಿತ’ವೆಂದು ಹೆಸರು.

ನಗರದ ನಡುವೆ ಸೇಂಟ್ ಸ್ಟೀಫನ್ಸ್ ಗ್ರೀನ್ ಎಂಬ ವಿಶಾಲವಾದ ಉದ್ಯಾನವಿದೆ. ಅದರ ಪಶ್ಚಿಮದ ಅಂಚಿನಲ್ಲಿ ಶಸ್ತ್ರವೈದ್ಯರ ರಾಯಲ್ ಕಾಲೇಜು ನಿಂತಿದೆ. ಅದರ ಕಂಬಗಳ ಮೇಲೆ ಗುಂಡಿನ ಗುರುತುಗಳನ್ನು ಕಾಣಬಹುದು. 1916ರ ಈಸ್ಟರ್ ದಂಗೆಯಲ್ಲಿ ಸ್ವಾತಂತ್ರ್ಯವೀರರು ಈ ಕಟ್ಟಡದಲ್ಲಿ ಬೀಡುಬಿಟ್ಟಿದ್ದಾಗ ಬಿದ್ದ ಗುಂಡುಗಳವು. ಕಾಲಿಸ್ ಈ ಕಾಲೇಜಿನಲ್ಲಿ 1804ರಿಂದ 1836ರವರೆಗೆ ಪ್ರಾಧ್ಯಾಪಕನಾಗಿದ್ದನು. ಅದಕ್ಕೂ ಮೊದಲು, ಮೂವತ್ತು ತುಂಬುವ ಮುನ್ನವೇ, 1802ರಲ್ಲಿ ಅದರ ಅಧ್ಯಕ್ಷನೂ ಆಗಿದ್ದನು.

ಅವನು ಹುಟ್ಟಿದ್ದು 1773ರಲ್ಲಿ, ಕಿಲ್ಕೆನ್ನಿ ಪಟ್ಟಣದ ಬಳಿ. ಬಾಲ್ಯದ ಒಂದು ಕಥೆಯನ್ನು ಅಲ್ಲಿಯವರು ಹೇಳುತ್ತಾರೆ. ಒಮ್ಮೆ ನದಿಗೆ ಮಹಾಪೂರ ಬಂದು ವೈದ್ಯನೊಬ್ಬನ ಮನೆಗೆ ನೀರು ನುಗ್ಗಿತಂತೆ. ತೇಲಿಹೋದ ಪುಸ್ತಕಗಳಲ್ಲೊಂದು ಹುಡುಗ ಅಬ್ರಹಾಮನ ಕೈಗೆ ಸಿಕ್ಕಿತು. ಅದು ಶರೀರರಚನಾಶಾಸ್ತ್ರದ ಗ್ರಂಥ. ಹಿಂದಿರುಗಿಸಲು ಹೋದ ಹುಡುಗನ ಕುತೂಹಲವನ್ನು ಕಂಡು ವೈದ್ಯನು ಅದನ್ನು ಅವನಿಗೇ ಕೊಟ್ಟುಬಿಟ್ಟನಂತೆ.

ಲಿಫಿಯ ದಂಡೆಯಲ್ಲಿ ಹ್ಯೂಸ್ಟನ್ ರೈಲು ನಿಲ್ದಾಣದ ಸಮೀಪದಲ್ಲಿ, ಕಾಲಿಸ್ ಸುಮಾರು ನಾಲ್ಕು ದಶಕಗಳ ಕಾಲ ದುಡಿದ ಡಾಕ್ಟರ್ ಸ್ಟೀವನ್ಸ್ ಆಸ್ಪತ್ರೆಯ ಹಳೆಯ ಕಟ್ಟಡವಿದೆ. ವೈದ್ಯ ಸ್ಟೀವನ್ಸ್ ಬಿಟ್ಟುಹೋದ ಆಸ್ತಿಯಿಂದ ಅವನ ಸೋದರಿ ಗ್ರಿಜೆಲ್ ಅದನ್ನು ಕಟ್ಟಿಸಿದಳು. 1733ರಲ್ಲಿ ಅದರ ಬಾಗಿಲು ತೆರೆಯಿತು. ಆಕೆ ಸದಾ ಮುಸುಕು ಹಾಕಿಕೊಳ್ಳುತ್ತಿದ್ದುದರಿಂದ ಆಕೆಗೆ ಹಂದಿಯ ಮೋರೆಯಿದೆಯೆಂದು ಊರಿನವರು ಪುಕಾರು ಹಬ್ಬಿಸಿದರು. ಪಾಪ, ಆ ಪುಣ್ಯಾತ್ಮೆ ಜನರಿಗೆ ಮುಖ ತೋರಿಸಲೆಂದೇ ಹೊರಗೆ ಬಂದು ಕುಳಿತುಕೊಳ್ಳಬೇಕಾಯಿತಂತೆ! 1987ರಲ್ಲಿ ಆಸ್ಪತ್ರೆ ಮುಚ್ಚಿತು. ಈಗ ಅದು ಸರ್ಕಾರಿ ಆರೋಗ್ಯ ಸೇವಾ ಸಂಸ್ಥೆಯವರ ಕಚೇರಿ.

ಕಾಲಿಸ್ ತನ್ನ ಪ್ರಸಿದ್ಧ ಲೇಖನವನ್ನು ಪ್ರಕಟಿಸಿದ್ದು 1814ರಲ್ಲಿ. ಆಗ ಕ್ಷ-ಕಿರಣವಿರಲಿಲ್ಲ, ಅರಿವಳಿಕೆಯೂ ಇರಲಿಲ್ಲ. ಈ ಪೆಟ್ಟನ್ನು ಹಲವರು ಉಳುಕೆಂದೋ ಕೀಲು ತಪ್ಪಿದೆಯೆಂದೋ ಭಾವಿಸುತ್ತಿದ್ದರು. ಬೆರಳುಗಳ ಸ್ಪರ್ಶವೊಂದನ್ನೇ ನಂಬಿ, ಇದು ಮಣಿಕಟ್ಟಿಗೆ ಒಂದೂವರೆ ಅಂಗುಲ ಮೇಲೆ ಆಗುವ ಮೂಳೆಮುರಿತವೆಂದು ಅವನು ತೋರಿಸಿಕೊಟ್ಟನು. ಎಳೆದು ಕೂರಿಸಿ ದಬ್ಬೆ ಕಟ್ಟುವ ಕ್ರಮವನ್ನೂ ವಿವರಿಸಿದನು. ಜೊತೆಗೆ ಒಂದು ಸಮಾಧಾನದ ಮಾತನ್ನೂ ಸೇರಿಸಿದನು: ಚಿಕಿತ್ಸೆ ತಪ್ಪಿದ ಕೈಯ ಡೊಂಕು ಜೀವಮಾನವಿಡೀ ಉಳಿದರೂ, ಬಹುಕಾಲದ ಮೇಲೆ ನೋವು ಅಳಿದು, ಕೈ ಎಲ್ಲ ಕಡೆಗೂ ಸಲೀಸಾಗಿ ಆಡುತ್ತದೆ ಎಂದು.

ಆ ಭರವಸೆ ತುಸು ಅತಿಯಾಯಿತೆಂದು ಮುಂದಿನ ವೈದ್ಯರಿಗೆ ತಿಳಿಯಿತು. ಕೆಲವರ ಕೈಗಳಲ್ಲಿ ನೋವೂ ಬಿಗಿತವೂ ನಿಂತುಬಿಡುತ್ತವೆ. 1895ರಲ್ಲಿ ಕ್ಷ-ಕಿರಣ ಬಂದ ಮೇಲಂತೂ ಮೂಳೆಯ ಪ್ರತಿಯೊಂದು ವಕ್ರತೆಯೂ ಕಣ್ಣಿಗೆ ಕಾಣತೊಡಗಿತು. ಕಂಡದ್ದನ್ನು ನೆಟ್ಟಗೆ ಮಾಡಬೇಕೆಂಬ ಆಸೆ ಸಹಜವೇ. ಉಕ್ಕಿನ ತಂತಿಗಳು ಬಂದವು. ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ, ತಿರುಪುಮೊಳೆಗಳಿಂದ ಭದ್ರವಾಗಿ ಬಿಗಿಯುವ ಲೋಹದ ಪಟ್ಟಿಗಳ ಬಳಕೆ ಬಹಳವಾಗಿ ಹೆಚ್ಚಿತು. ಚಿತ್ರದಲ್ಲಿ ನೆಟ್ಟಗಾದ ಮೂಳೆ ರೋಗಿಗೆ ಹೆಚ್ಚು ಕೆಲಸಕ್ಕೆ ಬಂದಿತೇ? ಇದರ ಉತ್ತರವನ್ನು ಅರಸುವ ಪ್ರವಾಸಿಯು ಡಬ್ಲಿನ್ನಿನ ಬಂದರಿನಲ್ಲಿ ಹಡಗು ಹತ್ತಿ, ಹಾಲಿಹೆಡ್‌ನಲ್ಲಿ ಇಳಿದು, ರೈಲಿನಲ್ಲಿ ಆಕ್ಸ್‌ಫರ್ಡಿಗೆ ಹೋಗಬೇಕು.

ಆಕ್ಸ್‌ಫರ್ಡಿನ ಗೋಪುರಗಳನ್ನು ಹಿಂದೆ ಬಿಟ್ಟು ಪೂರ್ವಕ್ಕೆ ದಿಣ್ಣೆಯನ್ನೇರಿದರೆ ಹೆಡಿಂಗ್ಟನ್ ಬಡಾವಣೆ. ಅಲ್ಲಿ 1872ರಲ್ಲಿ ರೋಗಿಗಳ ವಿಶ್ರಾಂತಿಧಾಮವಾಗಿ ಆರಂಭವಾದ ಸಂಸ್ಥೆಯೇ ಇಂದಿನ ನಫೀಲ್ಡ್ ಮೂಳೆ ಚಿಕಿತ್ಸಾ ಕೇಂದ್ರ. ಸೈಕಲ್ ರಿಪೇರಿಯಿಂದ ಜೀವನವನ್ನು ಆರಂಭಿಸಿ, ಮಾರಿಸ್ ಕಾರುಗಳ ಒಡೆಯನಾದ ಲಾರ್ಡ್ ನಫೀಲ್ಡನ ಔದಾರ್ಯದಿಂದ ಅದು ಬೆಳೆಯಿತು.

ಈ ಊರಿನ ವೈದ್ಯರು ಭುಜದ ರೋಗಿಗಳಿಗಾಗಿ 1996ರಲ್ಲಿ ಒಂದು ಪ್ರಶ್ನಾವಳಿಯನ್ನು ಪ್ರಕಟಿಸಿದರು. ಅದರಲ್ಲಿರುವುದು 12 ಪ್ರಶ್ನೆಗಳು. ತಲೆ ಬಾಚಿಕೊಳ್ಳಬಲ್ಲಿರಾ? ಬಟ್ಟೆ ತೊಟ್ಟುಕೊಳ್ಳಬಲ್ಲಿರಾ? ಊಟದ ತಟ್ಟೆಯನ್ನಿಟ್ಟ ಹರಿವಾಣವನ್ನು ಕೋಣೆಯ ಈ ಕಡೆಯಿಂದ ಆ ಕಡೆಗೆ ಒಯ್ಯಬಲ್ಲಿರಾ? ಗುಣವಾಯಿತೇ ಇಲ್ಲವೇ ಎಂದು ಇಲ್ಲಿ ತೀರ್ಪು ಕೊಡುವವನು ರೋಗಿಯೇ ಹೊರತು ಕ್ಷ-ಕಿರಣದ ಚಿತ್ರವಲ್ಲ.

ಇಂಥ ಅಳತೆಗೋಲನ್ನು ಹಿಡಿದು ನೋಡಿದಾಗ ದೊರೆತ ಫಲಗಳು ಹಲವರನ್ನು ಬೆರಗುಗೊಳಿಸಿದವು. ತೋಳಿನ ಮೂಳೆ ಭುಜದ ಬಳಿ ಮುರಿದು ಸರಿದಿದ್ದ 250 ಮಂದಿಯನ್ನು ಬ್ರಿಟನ್ನಿನ 32 ಆಸ್ಪತ್ರೆಗಳಲ್ಲಿ ಎರಡು ಗುಂಪು ಮಾಡಿ, ಕೆಲವರಿಗೆ ಶಸ್ತ್ರಚಿಕಿತ್ಸೆಯನ್ನೂ ಉಳಿದವರಿಗೆ ಕೇವಲ ತೂಗುಪಟ್ಟಿಯನ್ನೂ ವ್ಯಾಯಾಮವನ್ನೂ ಗೊತ್ತುಮಾಡಿದರು. ಅವರ ಸರಾಸರಿ ವಯಸ್ಸು 66. 2015ರಲ್ಲಿ ಫಲಿತಾಂಶ ಹೊರಬಿತ್ತು. ಎರಡು ವರ್ಷಗಳ ಅವಧಿಯಲ್ಲಿ ಆ 12 ಪ್ರಶ್ನೆಗಳಿಗೆ ಎರಡು ಗುಂಪಿನವರ ಉತ್ತರಗಳಲ್ಲಿಯೂ ಗಮನಾರ್ಹವಾದ ವ್ಯತ್ಯಾಸವಿರಲಿಲ್ಲ.

ಮಣಿಕಟ್ಟಿನ ಕಥೆಯೂ ಹೆಚ್ಚುಕಡಿಮೆ ಅದೇ. 461 ರೋಗಿಗಳಲ್ಲಿ ಲೋಹದ ಪಟ್ಟಿಯನ್ನು ಅಗ್ಗದ ತಂತಿಯೊಡನೆ ಹೋಲಿಸಿ ನೋಡಿದಾಗ, ಒಂದು ವರ್ಷದ ಬಳಿಕ ಎರಡೂ ಸರಿಸಮವೆಂದು 2014ರಲ್ಲಿ ತಿಳಿಯಿತು. ಅನಂತರ ಆಕ್ಸ್‌ಫರ್ಡಿನವರ ನೇತೃತ್ವದಲ್ಲಿ 500 ಮಂದಿಯಲ್ಲಿ ತಂತಿಯನ್ನು ಪ್ಲಾಸ್ಟರ್ ಕಟ್ಟಿನೊಡನೆ ಹೋಲಿಸಿದರು. 2022ರಲ್ಲಿ ಪ್ರಕಟವಾದ ಆ ಫಲಿತಾಂಶದಲ್ಲಿಯೂ ವರ್ಷದ ಕೊನೆಗೆ ಕೈಗಳ ಕೆಲಸದಲ್ಲಿ ಅಂತರವಿರಲಿಲ್ಲ. ಆದರೆ ಪ್ಲಾಸ್ಟರ್ ಹಾಕಿಸಿಕೊಂಡವರಲ್ಲಿ ಎಂಟು ಮಂದಿಗೆ ಒಬ್ಬರಂತೆ, ಮೂಳೆ ಮತ್ತೆ ಸರಿದು, ಆರು ವಾರಗಳೊಳಗೆ ಶಸ್ತ್ರಚಿಕಿತ್ಸೆ ಬೇಕಾಯಿತೆಂಬುದನ್ನು ಮರೆಯುವಂತಿಲ್ಲ.

ಹಾಗೆಂದ ಮಾತ್ರಕ್ಕೆ ಶಸ್ತ್ರಚಿಕಿತ್ಸೆ ವ್ಯರ್ಥವೆಂದು ತಿಳಿಯಬಾರದು. ಚರ್ಮ ಹರಿದು ಮೂಳೆ ಹೊರಬಂದಾಗ, ನರ ಅಥವಾ ರಕ್ತನಾಳಕ್ಕೆ ಅಪಾಯವಾದಾಗ, ಎಳೆದು ಕೂರಿಸಿದರೂ ಮೂಳೆ ನಿಲ್ಲದಿದ್ದಾಗ, ಮುರಿತದೊಡನೆ ಭುಜದ ಕೀಲೂ ತಪ್ಪಿದಾಗ ಶಸ್ತ್ರವೈದ್ಯನ ಕೈಚಳಕವೇ ಗತಿಯಾಗಬಹುದು. ಅದನ್ನು ನಿರ್ಣಯಿಸಬೇಕಾದವನು ರೋಗಿಯನ್ನು ಕಣ್ಣಾರೆ ಕಂಡ ವೈದ್ಯ. ಆದರೆ ವಯಸ್ಸಾದ ತಾಯಿಯ ಕೈ ತುಸು ಸೊಟ್ಟಗೆ ಕೂಡಿಕೊಂಡಿತೆಂದು ಮನೆಯವರು ಎದೆಗುಂದಬೇಕಾಗಿಲ್ಲ. ಪ್ಲಾಸ್ಟರ್ ಕಟ್ಟಿನಲ್ಲಿದ್ದಾಗಲೂ ಬೆರಳುಗಳನ್ನು ಆಡಿಸುವುದು, ಕಟ್ಟು ಬಿಚ್ಚಿದ ಮೇಲೆ ವೈದ್ಯರು ಹೇಳಿದ ವ್ಯಾಯಾಮವನ್ನು ಬೇಸರಿಸದೆ ಮಾಡುವುದು, ಇವು ರೋಗಿಯ ಕೈಯಲ್ಲೇ ಇರುವ ಔಷಧ.

ಕಾಲಿಸ್ 1843ರಲ್ಲಿ ಡಬ್ಲಿನ್ನಿನಲ್ಲಿ ತೀರಿಕೊಂಡನು. ತನ್ನ ದೇಹವನ್ನು ಕೊಯ್ದು ಪರೀಕ್ಷಿಸಿ ಕಾಯಿಲೆಯ ಮೂಲವನ್ನು ಅರಿಯಬೇಕೆಂದು ಅವನೇ ಕೇಳಿಕೊಂಡಿದ್ದನು. ತನ್ನ ಮಾತೂ ಹಾಗೆಯೇ ಪರೀಕ್ಷೆಗೊಳಗಾಗುವುದನ್ನು ಅಂಥವನು ಒಲ್ಲೆನೆನ್ನುತ್ತಿರಲಿಲ್ಲ. ಇನ್ನೂರು ವರ್ಷಗಳ ಪರೀಕ್ಷೆಯಲ್ಲಿ ಅದರ ಅತಿಶಯವೆಲ್ಲ ಸೋಸಿಹೋಯಿತು. ಡೊಂಕಾದ ಕೈಯೂ ದುಡಿಯಬಲ್ಲದೆಂಬ ತಿರುಳು ಉಳಿಯಿತು.