ಸೊಳ್ಳೆಗೇಕೆ ಜ್ವರ ಬರುವುದಿಲ್ಲ?

ಚೆನ್ನೈಯಲ್ಲಿ ನೆಲಸಿದ ಕನ್ನಡಿಗರಾದ ನಮಗೂ ನೆರೆಯ ತಮಿಳು ಮಿತ್ರರಿಗೂ ಸಾಂಬಾರಿಗೆ ಬೆಲ್ಲ ಹಾಕಬೇಕೇ ಬೇಡವೇ ಎಂಬಂಥ ವಿಷಯಗಳಲ್ಲಿ ಭಿನ್ನಾಭಿಪ್ರಾಯವಿರಬಹುದು. ಸೊಳ್ಳೆಯ ವಿಷಯದಲ್ಲಿ ಮಾತ್ರ ಪೂರ್ಣ ಒಮ್ಮತ. ಹೀಗಿರುವಾಗ ಆರನೆಯ ತರಗತಿಯ ನಮ್ಮ ಮಗಳು ಒಂದು ಪ್ರಶ್ನೆ ಹಾಕಿದಳು: “ಅಪ್ಪಾ, ಚಿಕುನ್‌ಗುನ್ಯಾ ವೈರಸ್ಸು ಸೊಳ್ಳೆಯ ಮೈಯಲ್ಲೇ ಇರುತ್ತದಲ್ಲ, ಅದಕ್ಕೇಕೆ ಜ್ವರ ಬರುವುದಿಲ್ಲ?” ಬಿ.ಎಸ್‌ಸಿ. ಪದವಿಪತ್ರವನ್ನು ಟ್ರಂಕಿನ ತಳಕ್ಕೆ ಸೇರಿಸಿ ಇಪ್ಪತ್ತು ವರ್ಷ ಕೇಂದ್ರ ಸರ್ಕಾರದ ಕಡತಗಳ ನಡುವೆ ಕಳೆದ ನಾವು ಮತ್ತೆ ಪುಸ್ತಕ ಹಿಡಿಯಬೇಕಾಯಿತು.

ಈ ಪ್ರಶ್ನೆಯಲ್ಲಿ ನಮಗಿಂತ ಹೆಚ್ಚಿನ ಆಸಕ್ತಿ ತಾಯಿಯವರಿಗೆ. ಅದಕ್ಕೆ ಕಾರಣವುಂಟು. 1952-53ರಲ್ಲಿ ಆಫ್ರಿಕದ ಟಾಂಗನೀಕಾದಲ್ಲಿ ಮೊದಲು ಗುರುತಿಸಲಾದ ಈ ಕಾಯಿಲೆಯ ಹೆಸರಿಗೆ ಅಲ್ಲಿನ ಮಾಕೊಂಡೆ ಭಾಷೆಯಲ್ಲಿ ‘ಬಗ್ಗಿಸುವಂಥದು’ ಎಂಬರ್ಥ. 1963ರಲ್ಲಿ ಕಲ್ಕತ್ತೆಗೆ, 1964ರಲ್ಲಿ ಮದರಾಸಿಗೆ ಬಂದು, ಮುಂದೆ ದಶಕಗಳ ಕಾಲ ಮರೆಯಾಗಿ, 2005ರ ಕೊನೆಗೆ ಅದು ಮತ್ತೆ ತಲೆಯೆತ್ತಿತು. 2006ರಲ್ಲಿ ದೇಶದಲ್ಲಿ ಶಂಕಿತ ರೋಗಿಗಳು ಸುಮಾರು 14 ಲಕ್ಷ. ಅವರಲ್ಲಿ ಅರ್ಧಕ್ಕೂ ಮಿಗಿಲು, ಅಂದರೆ ಸುಮಾರು ಏಳೂವರೆ ಲಕ್ಷ ಮಂದಿ, ನಮ್ಮ ಕರ್ನಾಟಕದವರೇ. ಚಿತ್ರದುರ್ಗದ ಕಡೆಯ ನಮ್ಮ ಹಳ್ಳಿಯಲ್ಲಿ ಮನೆಮನೆಗೂ ಕೋಲು ಬಂತು. ತಾಯಿಯವರಿಗೆ ಜ್ವರ ವಾರದಲ್ಲಿ ಬಿಟ್ಟರೂ ಕೀಲುನೋವು ತಿಂಗಳುಗಟ್ಟಲೆ ಬಿಡಲಿಲ್ಲ. ಬಾವಿಯ ಹಗ್ಗ ಹಿಡಿಯಲಾಗದೆ, ಮನೆಗೆ ಬೀಗ ಹಾಕಿ ನಮ್ಮಲ್ಲಿಗೆ ಬಂದವರು ತಿರುಗಿ ಹೋಗಲಿಲ್ಲ. “ನನ್ನ ಮೈಯಲ್ಲಿ ಕಸುವಿರಲಿಲ್ಲ, ಅದಕ್ಕೇ ಸೋತೆ” ಎಂಬುದು ಅವರ ಹಳೆಯ ಕೊರಗು.

ಈಗ ಸೊಳ್ಳೆಯ ಗುಟ್ಟು. ಚಿಕುನ್‌ಗುನ್ಯಾ ವೈರಸ್ಸಿನ ಜಾತಕವೆಲ್ಲ ಆರ್.ಎನ್.ಎ. ಎಂಬ ಒಂದೇ ಎಳೆಯಲ್ಲಿ, ಸುಮಾರು 11,800 ಅಕ್ಷರಗಳಲ್ಲಿ ಅಡಗಿದೆ. ಜೀವಕೋಶದೊಳಗೆ ಹೊಕ್ಕು ಅದು ತನ್ನ ನಕಲು ತೆಗೆಯುವಾಗ, ಮೂಲ ಪ್ರತಿಯೂ ನಕಲೂ ಹೆಣೆದುಕೊಂಡು ಉದ್ದನೆಯ ಜೋಡಿ ಎಳೆಯಾಗುತ್ತದೆ. ಕಳ್ಳ ಸಿಕ್ಕಿಬೀಳುವುದು ಇಲ್ಲಿಯೇ. ಸೊಳ್ಳೆಯ ಕೋಶದಲ್ಲಿ ‘ಡೈಸರ್’ ಎಂಬ ಕತ್ತರಿಯಂಥ ಪ್ರೋಟೀನು ಆ ಜೋಡಿ ಎಳೆಯನ್ನು 21 ಅಕ್ಷರಗಳ ತುಂಡುಗಳಾಗಿ ಕತ್ತರಿಸುತ್ತದೆ. ‘ಆರ್ಗೊನಾಟ್’ ಎಂಬ ಇನ್ನೊಂದು ಪ್ರೋಟೀನು ಒಂದೊಂದು ತುಂಡನ್ನು ಗುರುತಿನ ಚೀಟಿಯಂತೆ ಹಿಡಿದು ಹೊರಟು, ಅದಕ್ಕೆ ತಾಳೆಯಾಗುವ ವೈರಸ್ಸಿನ ಎಳೆ ಕಂಡಲ್ಲೆಲ್ಲ ತುಂಡರಿಸುತ್ತದೆ. ವೈರಸ್ಸು ನಿರ್ಮೂಲವಾಗುವುದಿಲ್ಲ, ಮೇರೆ ಮೀರುವುದೂ ಇಲ್ಲ. ಚಿಕುನ್‌ಗುನ್ಯಾದ ದಾಯಾದಿಯಾದ ಸಿಂಡ್‌ಬಿಸ್ ವೈರಸ್ಸಿಗೆ ಈ ಕಾವಲನ್ನು ಕೆಡಿಸುವ ಶಕ್ತಿ ಕೊಟ್ಟು ಪ್ರಯೋಗ ಮಾಡಿದಾಗ, ಅದು ಮಿತಿಮೀರಿ ಬೆಳೆದು ಸೊಳ್ಳೆಗಳೇ ಸತ್ತವು. ಜೋಡಿ ಎಳೆಯ ಆರ್.ಎನ್.ಎ.ಗೆ ಇಂಥ ಪ್ರಭಾವವುಂಟೆಂದು 1998ರಲ್ಲಿ ಪುಟ್ಟ ಹುಳುವೊಂದರಲ್ಲಿ ತೋರಿಸಿಕೊಟ್ಟವರು ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲೊ. ಅವರಿಗೆ ನೊಬೆಲ್ ಬಂದದ್ದು 2006ರಲ್ಲಿ, ನಮ್ಮ ಊರು ಕೋಲೂರಿ ನಡೆಯುತ್ತಿದ್ದ ವರ್ಷದಲ್ಲೇ!

ನಮ್ಮ ಕೋಶಗಳ ಕ್ರಮ ಬೇರೆ. ಅವೂ ಗುರುತಿಸುವುದು ಅದೇ ಜೋಡಿ ಎಳೆಯನ್ನೇ. ಆದರೆ ಸದ್ದಿಲ್ಲದೆ ಕತ್ತರಿಸುತ್ತ ಕೂರುವ ಬದಲು ಊರಿಗೆಲ್ಲ ಡಂಗುರ ಸಾರುತ್ತವೆ. ಕೋಶದೊಳಗಿನ ಕಾವಲು ಪ್ರೋಟೀನುಗಳು ಪರಕೀಯ ಆರ್.ಎನ್.ಎ.ಯನ್ನು ಕಂಡೊಡನೆ, 1957ರಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಲಂಡನ್ನಿನಲ್ಲಿ ಪತ್ತೆಹಚ್ಚಿದ ‘ಇಂಟರ್‌ಫೆರಾನ್’ ಹೊರಡುತ್ತದೆ. ನೆರೆಯ ಕೋಶಗಳು ಬಾಗಿಲು ಭದ್ರಪಡಿಸಿಕೊಳ್ಳುತ್ತವೆ, ರಕ್ಷಣಾಪಡೆ ಏಳುತ್ತದೆ. ಜ್ವರ, ಮೈಕೈ ನೋವುಗಳಲ್ಲಿ ಬಹುಪಾಲು ಈ ಗದ್ದಲದ ಫಲವೇ. ವೈರಸ್ಸಿಲ್ಲದಿದ್ದರೂ, ಬರಿಯ ಇಂಟರ್‌ಫೆರಾನನ್ನು ಔಷಧವಾಗಿ ಚುಚ್ಚಿಸಿಕೊಂಡವರಿಗೆ ಜ್ವರ, ಮೈನೋವು ಬರುವುದುಂಟು. ರಕ್ತದಿಂದ ವೈರಸ್ಸು ಮರೆಯಾದ ಮೇಲೂ ಕೀಲುಗಳಲ್ಲಿ ಉರಿಯೂತ ಉಳಿಯಬಹುದು.

ಇದನ್ನೆಲ್ಲ ತಾಯಿಯವರಿಗೆ ಬಿಡಿಸಿ ಹೇಳಿದೆವು. ಸ್ವಲ್ಪ ಹೊತ್ತು ತಮ್ಮ ಬೆರಳಿನ ಗೆಣ್ಣುಗಳನ್ನೇ ನೋಡಿಕೊಂಡಿದ್ದು, “ಹಂಗಾದ್ರೆ ನನ್ನ ಮೈ ಸುಮ್ನೆ ಬಿದ್ದಿರ್ಲಿಲ್ಲ ಅನ್ನು, ಜಗಳ ಆಡ್ತಿತ್ತು” ಎಂದರು. ಆ ಕೊರಗಿನ ಮಾತು ಅನಂತರ ನಮ್ಮ ಕಿವಿಗೆ ಬಿದ್ದಿಲ್ಲ.

ಆದರೆ ಒಂದು ಮಾತು ನಾವೆಲ್ಲರೂ ನೆನಪಿಡಬೇಕು. ಸೊಳ್ಳೆ ವೈರಸ್ಸಿನೊಡನೆ ಹೀಗೆ ರಾಜಿಯಾಗಿರುವುದರಿಂದಲೇ ಜೀವಮಾನವಿಡೀ ಹಾರಾಡಿ ಅದನ್ನು ಹಂಚುತ್ತದೆ. ರೋಗ ಬಂದು ಅದು ತಾನಾಗಿ ಸತ್ತೀತೆಂದು ಕಾಯುವಂತಿಲ್ಲ. ಈಡಿಸ್ ಸೊಳ್ಳೆಯ ಮೊಟ್ಟೆ ರೆಕ್ಕೆ ಪಡೆಯಲು ವಾರ ಹತ್ತು ದಿನ ಸಾಕು. ಪಾತ್ರೆಯ ಅಂಚಿಗಂಟಿದ ಮೊಟ್ಟೆ ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕುತ್ತದೆ. ಆದ್ದರಿಂದ ಐಪ್ಪಸಿ ಮಳೆ ಹಿಡಿಯುವ ಮುನ್ನ ಡ್ರಮ್ಮಿಗೆ ಮುಚ್ಚಳ ಹಾಕೋಣ. ವಾರಕ್ಕೊಮ್ಮೆ ಕೊಡ, ಬಕೆಟ್ಟುಗಳನ್ನು ಬರಿದು ಮಾಡಿ, ಒಳಗನ್ನು ತಿಕ್ಕಿ ತೊಳೆಯೋಣ. ಪಕ್ಕದ ಮನೆಯವರಿಗೂ ಹೇಳೋಣ, ಬಂದಷ್ಟು ತಮಿಳಿನಲ್ಲಿ.