ಲಂಕೆಯ ಕೆರೆಗಳೂ ನಮ್ಮ ತಂದೆಯವರ ತೂಬೂ

ಭಾರತದ ನಕ್ಷೆ ಬರೆಸುವಾಗ ಕೆಳಗೆ ಆ ಪುಟ್ಟ ಮಾವಿನಕಾಯಿಯನ್ನು ಬರೆಯದ ಹೊರತು ನಕ್ಷೆ ಮುಗಿಯದು ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಮೂವತ್ತಕ್ಕೂ ಹೆಚ್ಚು ವರ್ಷ ಸೀಮೆಸುಣ್ಣದಲ್ಲಿ ಬರೆದ ಆ ಶ್ರೀಲಂಕೆಯನ್ನು ಕಣ್ಣಾರೆ ಕಾಣುವ ಯೋಗ 2019ರ ಜನವರಿಯಲ್ಲಿ ಒದಗಿಬಂತು. ನಾನೂ ನನ್ನ ಶ್ರೀಮತಿಯೂ ಎಂಟು ದಿನ ಅಲ್ಲಿದ್ದೆವು. ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಒಂದೂವರೆ ಗಂಟೆ. ಶೆಟ್ಟಿಹಳ್ಳಿಯ ನಮ್ಮ ಮನೆಯಿಂದ ದೇವನಹಳ್ಳಿಯ ವಿಮಾನ ನಿಲ್ದಾಣ ಸೇರುವುದಕ್ಕೆ ಅದಕ್ಕಿಂತ ಹೆಚ್ಚು ಹೊತ್ತು ಹಿಡಿದಿತ್ತು! "ನಮ್ಮ ಆಂಜನೇಯ ಇದಕ್ಕಿಂತ ಬೇಗ ಹೋಗಿದ್ದ ಮೇಷ್ಟ್ರೇ" ಎಂದು ನೆರೆಮನೆಯ ಹಿರಿಯರು ಹಾಸ್ಯ ಮಾಡಿದರು.

ಪ್ರವಾಸಿಗರೆಲ್ಲ ನೋಡುವುದನ್ನು ನಾವೂ ನೋಡಿದೆವು. ಕ್ಯಾಂಡಿಯ ದಂತಧಾತು ಮಂದಿರ, ಪೆರಾದೆನಿಯದ ಸಸ್ಯೋದ್ಯಾನ, ನುವಾರ ಎಲಿಯದ ಚಹಾ ತೋಟಗಳು, ಅಲ್ಲಿಯೇ ಸಮೀಪದಲ್ಲಿರುವ ಸೀತಮ್ಮನ ಗುಡಿ, ಎಲ್ಲಾ ಊರಿನ ಬಳಿ ಒಂಬತ್ತು ಕಮಾನುಗಳ ರೈಲು ಸೇತುವೆ. ಇವುಗಳ ಸೊಬಗನ್ನು ಇಂದು ಯಾರ ಮೊಬೈಲಿನಲ್ಲಾದರೂ ಕಾಣಬಹುದು. ನಾನು ವರ್ಣಿಸಿ ನಿಮ್ಮನ್ನು ಬೇಸರಪಡಿಸಲಾರೆ.

ಆದರೆ ಸಿಗಿರಿಯಾದ ಬಗ್ಗೆ ಎರಡು ಮಾತು ಹೇಳಲೇಬೇಕು. ಬಯಲಿನ ನಡುವೆ ಸುಮಾರು ಇನ್ನೂರು ಮೀಟರು ನೆಟ್ಟಗೆ ಎದ್ದುನಿಂತ ಬಂಡೆ ಅದು. ತಂದೆಯನ್ನು ಕೊಂದು ಪಟ್ಟಕ್ಕೆ ಬಂದ ಕಾಶ್ಯಪನೆಂಬ ಅರಸ ಐದನೆಯ ಶತಮಾನದ ಕೊನೆಯಲ್ಲಿ ಅದರ ನೆತ್ತಿಯ ಮೇಲೆ ಅರಮನೆ ಕಟ್ಟಿಸಿದ. ಮಂಡಿನೋವಿನ ನನ್ನ ಶ್ರೀಮತಿ ಮೆಟ್ಟಿಲುಗಳನ್ನು ನೋಡಿ ನಿಂತಾರೆಂದು ಭಾವಿಸಿದ್ದೆ. ನನಗಿಂತ ಮೊದಲೇ ಮೇಲಿದ್ದರು. ದಾರಿಯಲ್ಲಿ ಕನ್ನಡಿಯಂತೆ ನುಣುಪು ಮಾಡಿದ ಗೋಡೆಯೊಂದಿದೆ. ಸಾವಿರ ವರ್ಷಕ್ಕೂ ಹಿಂದೆ ಅಲ್ಲಿಗೆ ಬಂದ ಯಾತ್ರಿಕರು ಮೇಲಿನ ಚಿತ್ರಗಳ ಚೆಲುವೆಯರನ್ನು ಕುರಿತು ಅದರ ಮೇಲೆ ಪದ್ಯಗಳನ್ನು ಗೀಚಿದ್ದಾರೆ. ಪರಣವಿತಾನ ಎಂಬ ವಿದ್ವಾಂಸರು ಅಂಥ 685 ಪದ್ಯಗಳನ್ನು ಓದಿ 1956ರಲ್ಲಿ ಪ್ರಕಟಿಸಿದರು. ಬೆಂಚಿನ ಮೇಲೆ ಹೆಸರು ಕೆತ್ತಿದ್ದಕ್ಕೆ ನನ್ನಿಂದ ಕಿವಿ ಹಿಂಡಿಸಿಕೊಂಡವರು ಇದನ್ನು ಓದಿ ನಗುತ್ತಿರಬಹುದು. ನಗಿರಿ, ಆದರೆ ನೀವು ಕೆತ್ತಿದ್ದು ಪದ್ಯವಾಗಿರಲಿಲ್ಲ.

ನನ್ನ ಮನಸ್ಸು ನಿಂತದ್ದು ಪೊಲೊನ್ನರುವದಲ್ಲಿ. ಅಲ್ಲಿ ಚೋಳರು ಕಟ್ಟಿಸಿದ ಶಿವಾಲಯವೊಂದು ಇಂದಿಗೂ ಸುಸ್ಥಿತಿಯಲ್ಲಿದೆ. ನಮ್ಮ ಗಂಗವಾಡಿಯನ್ನು ಗೆದ್ದು ತಲಕಾಡಿನಲ್ಲಿ ಕುಳಿತ ಚೋಳರೇ ಅಲ್ಲಿಯೂ ಕುಳಿತಿದ್ದರು. 1070ರಲ್ಲಿ ವಿಜಯಬಾಹು ಅವರನ್ನು ಹೊರದೂಡಿದ. ತಲಕಾಡನ್ನು ವಿಷ್ಣುವರ್ಧನ ಬಿಡಿಸಿಕೊಂಡದ್ದು 1116ರಲ್ಲಿ. ಆ ವಿಜಯಬಾಹು ಕರ್ನಾಟಕದ ದೊರೆಗೆ, ಅಂದರೆ ಚಾಲುಕ್ಯ ಆರನೆಯ ವಿಕ್ರಮಾದಿತ್ಯನಿಗೆ, ಕಾಣಿಕೆಗಳೊಡನೆ ದೂತರನ್ನು ಕಳುಹಿಸಿದ್ದನಂತೆ. ಚೋಳರು ನಡುದಾರಿಯಲ್ಲಿ ಅವರ ಕಿವಿಮೂಗು ಕೊಯ್ಸಿದರೆಂದು ಅಲ್ಲಿಯ ಚರಿತ್ರೆಯ ಗ್ರಂಥ ಹೇಳುತ್ತದೆ. ಕನ್ನಡ ನಾಡಿನ ನಂಟು ಲಂಕೆಗೆ ಹೀಗೂ ಒಂದಿತ್ತು ಎಂಬುದನ್ನು ನಮ್ಮ ಪಠ್ಯಪುಸ್ತಕಗಳು ಹೇಳಲಿಲ್ಲ.

ಅದೇ ಊರಿನಲ್ಲಿ ಹನ್ನೆರಡನೆಯ ಶತಮಾನದ ಪರಾಕ್ರಮಬಾಹು ವಿಸ್ತರಿಸಿ ಕಟ್ಟಿಸಿದ ಕೆರೆಯಿದೆ. ಹೆಸರು ಪರಾಕ್ರಮ ಸಮುದ್ರ; ಏರಿಯ ಉದ್ದ ಹದಿನಾಲ್ಕು ಕಿಲೋಮೀಟರಿನ ಹತ್ತಿರ. ಜನವರಿಯೆಂದರೆ ಅಲ್ಲಿ ಹಿಂಗಾರು ಮಳೆ ಸುರಿದ ಮೇಲಿನ ಕಾಲ. ಕೆರೆ ತುಂಬಿ ತುಳುಕುತ್ತಿತ್ತು, ಕೆಳಗೆ ಕಣ್ಣು ಹಾಯುವವರೆಗೆ ಹಸಿರು ಗದ್ದೆ. ನಮ್ಮ ಕಾರಿನ ಚಾಲಕ ರೈತರ ಮನೆಯ ಹುಡುಗ. ನನ್ನ ಶ್ರೀಮತಿಯನ್ನು ಮೊದಲ ದಿನದಿಂದಲೂ 'ಅಕ್ಕಾ' ಎಂದೇ ಕರೆಯುತ್ತಿದ್ದ. ಸಿಂಹಳದಲ್ಲಿಯೂ ಅಕ್ಕ ಅಕ್ಕನೇ. ಅವರು ರಾಗಿಗೆ ಕುರಕ್ಕನ್ ಎನ್ನುತ್ತಾರೆಂದು ತಿಳಿಸಿ, ಒಂದು ಬೆಳಿಗ್ಗೆ ಅದರ ಪಿಟ್ಟನ್ನೂ ಕಾಯಿ ಚಟ್ನಿಯನ್ನೂ ತಿನ್ನಿಸಿದವನೂ ಅವನೇ. ತೆಂಗಿನ ಸೀಮೆಯಿಂದ ಹೋದ ನಮಗೆ ತೆಂಗಿನ ತೋಟಗಳು ಹೊಸತೆನಿಸಲಿಲ್ಲ. ಅವರ ಕಿತ್ತಳೆ ಬಣ್ಣದ ಎಳನೀರು ಮಾತ್ರ ನಮ್ಮದಕ್ಕೆ ಸಮನಲ್ಲ ಎಂಬ ನನ್ನ ಅಭಿಪ್ರಾಯವನ್ನು ಬದಲಾಯಿಸಲಾರೆ.

ಆ ಹುಡುಗ ಏರಿಯ ಮೇಲೆ ನಿಂತು ಹೇಳಿದ ವಿಷಯ ನನ್ನನ್ನು ತಡೆದು ನಿಲ್ಲಿಸಿತು. ಹಿಂದೆ ಅಲ್ಲಿಯ ಊರೂರಿನಲ್ಲಿ 'ವೆಲ್ ವಿದಾನೆ' ಎಂಬವನಿರುತ್ತಿದ್ದ. ಯಾರ ಗದ್ದೆಗೆ ಎಂದು, ಎಷ್ಟು ನೀರು ಎಂಬುದನ್ನು ನೋಡಿಕೊಳ್ಳುವವನು ಅವನು. ಬರಗಾಲದಲ್ಲಿ ಕೆರೆಯ ಕೆಳಗಿನ ಸ್ವಲ್ಪ ಭೂಮಿಯನ್ನು ಮಾತ್ರ ಬಿತ್ತಿ, ಅದು ಯಾರದೇ ಆಗಿರಲಿ, ಎಲ್ಲರೂ ಹಂಚಿಕೊಂಡು ಉಳುವ ಪದ್ಧತಿಗೆ 'ಬೆತ್ಮ' ಎಂದು ಹೆಸರು. ಏರಿಯ ಒಳಮೈಯಲ್ಲಿ ಕಲ್ಲು ಕಟ್ಟಿದ ಚೌಕಾಕಾರದ ಬಾವಿಯಂಥ ರಚನೆ, 'ಬಿಸೊಕೊಟುವ'. ಹೊರಹೋಗುವ ನೀರಿನ ಒತ್ತಡವನ್ನು ಅದು ತಗ್ಗಿಸುತ್ತದೆ. ಹೆನ್ರಿ ಪಾರ್ಕರ್ ಎಂಬ ಬ್ರಿಟಿಷ್ ಇಂಜಿನಿಯರು ಇದನ್ನು ಕಂಡು ಬೆರಗಾಗಿ 1909ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ವಿವರಿಸಿದ್ದಾರೆ. ಮಿನ್ನೇರಿಯ ಕೆರೆಯನ್ನು ಕಟ್ಟಿಸಿದ ಮಹಾಸೇನನನ್ನಂತೂ ಅಲ್ಲಿಯ ಜನ ದೇವರೆಂದೇ ಪೂಜಿಸುತ್ತಾರೆ.

ನಮ್ಮ ತಂದೆಯವರು ಗುಬ್ಬಿ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ನೀರಗಂಟಿಯಾಗಿದ್ದರು. ಇದು ನಮ್ಮ ಬಂಧುಗಳಿಗೆ ಗೊತ್ತು, ವಿದ್ಯಾರ್ಥಿಗಳಿಗೆ ಗೊತ್ತಿರಲಾರದು. ಕೆರೆಯೊಳಗೆ ಎರಡು ಕಲ್ಲುಕಂಬ, ಅವುಗಳ ನಡುವೆ ರಂಧ್ರವಿರುವ ಅಡ್ಡಕಲ್ಲುಗಳು, ಅವುಗಳೊಳಗೆ ಇಳಿಬಿಟ್ಟ ಮರದ ಗಳು, ಅದರ ತುದಿಗೆ ಬೆಣೆ. ಈಜಿಕೊಂಡು ಹೋಗಿ ಬೆಣೆಯನ್ನು ಎಷ್ಟು ಎತ್ತಬೇಕೋ ಅಷ್ಟೇ ಎತ್ತಿ ಬರುತ್ತಿದ್ದರು. ಹೂಳು ಕಟ್ಟಿದರೆ ಮುಳುಗಿ ಬಿಡಿಸಬೇಕು. ಹಾಗೆ ಮುಳುಗಿದಾಗ ಏರಿಯ ಮೇಲೆ ನಿಂತ ನಮ್ಮ ತಾಯಿ, ಅವರ ತಲೆ ಕಾಣುವವರೆಗೆ ಮಾತಾಡುತ್ತಿರಲಿಲ್ಲ. ಕೂಲಿಯೆಂದರೆ ಸುಗ್ಗಿಯಲ್ಲಿ ಕಣಕಣಕ್ಕೆ ಹೋಗಿ ತರುವ ಆಯ. ಕೊಡುವವರಲ್ಲಿ ಕೆಲವರು ದೂರದಿಂದಲೇ ಮೊರಕ್ಕೆ ಸುರಿಯುತ್ತಿದ್ದರು. ಅಲ್ಲಿಯೋ ಕೆರೆ ಕಟ್ಟಿಸಿದವನಿಗೆ ಗುಡಿಯಿದೆ. ನಮ್ಮಲ್ಲಿ ಕೆರೆ ಕಾಯ್ದವನಿಗೆ ಕಣದ ಅಂಚಿನಲ್ಲಿ ಜಾಗ. ಪರಾಕ್ರಮ ಸಮುದ್ರದ ಏರಿಯ ಮೇಲೆ ಬಹಳ ಹೊತ್ತು ನಾನು ಮಾತಾಡಲಿಲ್ಲ. ಶ್ರೀಮತಿಗೆ ಅರ್ಥವಾಗಿತ್ತು, "ಮಾವನವರು ನೋಡಬೇಕಿತ್ತು" ಎಂದಷ್ಟೇ ಅಂದರು.

ನಾವು ಹಿಂದಿರುಗಿದ ಮೂರು ತಿಂಗಳಿಗೆ, ಏಪ್ರಿಲ್ 21ರ ಈಸ್ಟರ್ ದಿನ, ಅಲ್ಲಿಯ ಚರ್ಚು ಹೋಟೆಲುಗಳಲ್ಲಿ ಬಾಂಬು ಸಿಡಿದು ಇನ್ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ಚಾಲಕ ಹುಡುಗನಿಗೆ ಫೋನು ಮಾಡಿದೆವು. ಕ್ಷೇಮವಾಗಿದ್ದ, ಪ್ರವಾಸಿಗರಿಲ್ಲದೆ ಕೆಲಸವಿರಲಿಲ್ಲ. 2021ರಲ್ಲಿ ಸರ್ಕಾರ ರಾಸಾಯನಿಕ ಗೊಬ್ಬರವನ್ನು ಒಮ್ಮೆಗೇ ನಿಷೇಧಿಸಿತು, ಮರುವರ್ಷ ದೇಶವೇ ದಿವಾಳಿಯಾಯಿತು. ಆಗ ಮತ್ತೆ ಮಾತಾಡಿದಾಗ ಅವನು ಹೇಳಿದ್ದು: "ಕೆರೆಯಲ್ಲಿ ನೀರಿತ್ತು ಸರ್, ಗೊಬ್ಬರವಿರಲಿಲ್ಲ."

ಅದೇ 2022ರ ಮಳೆಗಾಲದಲ್ಲಿ ನಮ್ಮ ಹಳ್ಳಿಯ ಕೆರೆಯೂ ಬಹಳ ವರ್ಷಗಳ ಮೇಲೆ ಕೋಡಿ ಬಿತ್ತು. ಜನ ಬಾಗಿನ ಕೊಟ್ಟರು, ಫೋಟೋ ತೆಗೆಸಿಕೊಂಡರು. ತೂಬನ್ನು ಎತ್ತಬಲ್ಲವರು ಊರಲ್ಲಿ ಯಾರೂ ಉಳಿದಿರಲಿಲ್ಲ. ಗಳು ಎಂದೋ ಮುರಿದುಹೋಗಿತ್ತು, ಗದ್ದೆಬಯಲೆಲ್ಲ ಕೊಳವೆಬಾವಿಯ ಅಡಿಕೆ ತೋಟವಾಗಿತ್ತು. ಹೊಸ ಗಳು ಹಾಕಿಸುವ ಮನಸ್ಸು ಕೆಲವು ತರುಣರಿಗಿದೆ. ಬೆಣೆಯ ಅಳತೆ, ಯಾವ ಬೆಳೆಗೆ ಎಷ್ಟು ದಿನಕ್ಕೊಮ್ಮೆ ನೀರು, ಯಾವ ಕಾಲುವೆಗೆ ಮೊದಲ ಸರದಿ ಎಂದು ತಂದೆಯವರ ಬಾಯಿಂದ ಕೇಳಿದ್ದನ್ನೆಲ್ಲ ನೆನೆನೆನೆದು ಹನ್ನೊಂದು ಪುಟ ಬರೆದು ಅವರಿಗೆ ಕೊಟ್ಟಿದ್ದೇನೆ. ಬೆಣೆಗೆ ಯಾವ ಮರ ಬಳಸುತ್ತಿದ್ದರೆಂಬುದು ಮಾತ್ರ ನೆನಪಾಗುತ್ತಿಲ್ಲ. ಬಂಧುಗಳಲ್ಲಿ ಯಾರಿಗಾದರೂ ತಿಳಿದಿದ್ದರೆ ದಯವಿಟ್ಟು ಬರೆದು ತಿಳಿಸಿ.