ಆರಿದ ಬೆಂಕಿಯ ಮೇಲೊಂದು ಮನೆ

ಕಲಬುರಗಿ ನಗರದ ಅಂಚಿಗೆ ಸೇರಿಕೊಂಡಂತಿರುವ ತಾಜಸುಲ್ತಾನಪುರದಲ್ಲಿ ಕರಿಗಲ್ಲಿನ ಹಳೆಯ ಮನೆಯೊಂದಿದೆ. ಎರಡು ಮೊಳ ದಪ್ಪದ ಗೋಡೆಗಳು, ಕಲ್ಲಿನ ಸಂದಿಗೆ ಮೆತ್ತಿದ ಮಣ್ಣು, ಮರದ ಕಂಬಗಳು, ಜಂತಿಗಳ ಮೇಲೆ ವರ್ಷದಿಂದ ವರ್ಷಕ್ಕೆ ಮಣ್ಣು ಹೊದ್ದು ಭಾರವಾದ ಮಾಳಿಗೆ. ಎಂಬತ್ತು ದಾಟಿದ ರೈತರೊಬ್ಬರು ಅಲ್ಲಿಯೇ ಹುಟ್ಟಿ, ಅಲ್ಲಿಯೇ ಬಾಳಿದವರು. ಅವರ ಮೊಮ್ಮಗಳು ಕನ್ನಡ ಎಂ.ಎ. ವಿದ್ಯಾರ್ಥಿನಿ. ಮನೆಯನ್ನು ಕೆಡವಬೇಕೆಂದು ಮಗ, ಕೂಡದೆಂದು ತಂದೆ. ಈ ವಾದದ ನಡುವೆ ಆಕೆ ನಿಂತದ್ದು 2021ರ ಅಕ್ಟೋಬರಿನಲ್ಲಿ. ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ನೆಲ ಮತ್ತೆ ಮತ್ತೆ ನಡುಗಿ, ಜನ ಮನೆ ಬಿಟ್ಟು ಹೊರಗೆ ರಾತ್ರಿ ಕಳೆಯುತ್ತಿದ್ದ ದಿನಗಳವು.

“ಮುತ್ಯಾ, ನಮ್ಮ ನೆಲದ ಬುಡಕ ಇನ್ನಾ ಬೆಂಕಿ ಅದ ಏನು?” ಎಂದು ಆಕೆ ಕೇಳಿದಳು.

“ಬೆಂಕಿ ಇದ್ದಿದ್ರ ತೊಗರಿ ಹ್ಯಾಂಗ ಬೆಳೀತಿತ್ತವ್ವ?” ಎಂದರು ಮುತ್ಯಾ.

ಹಿರಿಯರ ಉತ್ತರದಲ್ಲಿ ಅರ್ಧ ಸತ್ಯವಿತ್ತು. ಬೆಂಕಿ ಈಗಿಲ್ಲ, ಆದರೆ ಅದು ಇದ್ದುದರಿಂದಲೇ ತೊಗರಿ ಬೆಳೆಯುತ್ತಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನಿನ ನೆಲ ಉದ್ದುದ್ದ ಬಿರುಕುಗಳಾಗಿ ಒಡೆದು, ಅವುಗಳಿಂದ ಶಿಲಾರಸ ಉಕ್ಕಿ ಹರಿಯಿತು. ಚಿತ್ರಗಳಲ್ಲಿ ಕಾಣುವಂತೆ ಶಿಖರದಿಂದ ಹೊಗೆಯುಗುಳುವ ಬೆಟ್ಟ ಅದಾಗಿರಲಿಲ್ಲ. ಪ್ರವಾಹದಂತೆ ಹಬ್ಬಿ, ಆರಿ, ಅದರ ಮೇಲೆ ಮತ್ತೊಂದು ಪ್ರವಾಹ ಹರಿದು ಪದರಗಟ್ಟಿದ ಬೆಂಕಿ. ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ಪ್ರದೇಶವನ್ನು ಆ ಕರಿಗಲ್ಲು ಆವರಿಸಿದೆ. ಅದರ ಆಗ್ನೇಯದ ಅಂಚು ಕಲಬುರಗಿ ಸೀಮೆಯಲ್ಲಿ ಮುಗಿಯುತ್ತದೆ. ಭೂವಿಜ್ಞಾನಿಗಳು ಇದನ್ನು ‘ಟ್ರ್ಯಾಪ್’ ಎನ್ನುತ್ತಾರೆ. ಮೆಟ್ಟಿಲು ಎಂಬರ್ಥದ ಸ್ವೀಡಿಷ್ ಪದದಿಂದ ಬಂದ ಹೆಸರಿದು. ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ಕಡೆಗೆ ಹೋಗುವವರಿಗೆ ಆ ಹೆಸರಿನ ಔಚಿತ್ಯ ತಾನಾಗಿ ತಿಳಿಯುತ್ತದೆ: ಗುಡ್ಡಗಳ ನೆತ್ತಿ ಚಪ್ಪಟೆ, ಮಗ್ಗುಲು ಮೆಟ್ಟಿಲು ಮೆಟ್ಟಿಲು.

ಇಂಥ ನೆಲದಲ್ಲಿ ತೋಡಿದ ಹಳೆಯ ಬಾವಿ ಒಂದು ಗ್ರಂಥದಂತೆ. ಮೇಲೆ ಎರೆಮಣ್ಣು, ಅದರ ಕೆಳಗೆ ಸಡಿಲಾದ ಮುರಂ, ಆಮೇಲೆ ಗಟ್ಟಿ ಕರಿಗಲ್ಲು. ಕೆಲವೆಡೆ ಎರಡು ಕರಿಪದರಗಳ ನಡುವೆ ಕೆಂಪು ಜೇಡಿಯ ತೆಳುವಾದ ಪಟ್ಟಿ ಕಾಣುತ್ತದೆ. ಒಂದು ಪ್ರವಾಹ ಆರಿ, ಅದರ ಮೈ ಬಿಸಿಲು ಮಳೆಗೆ ಸವೆದು ಮಣ್ಣಾಗುವಷ್ಟು ಕಾಲ ಕಳೆದ ಮೇಲೆ ಮುಂದಿನ ಪ್ರವಾಹ ಬಂದಿತೆಂಬುದಕ್ಕೆ ಆ ಪಟ್ಟಿಯೇ ಸಾಕ್ಷಿ. ಹಸ್ತಪ್ರತಿಯಲ್ಲಿ ಲಿಪಿಕಾರ ಬದಲಾದುದನ್ನು ಅಕ್ಷರದ ಮೋಡಿಯಿಂದ ಗುರುತಿಸುವ ಸಂಶೋಧಕನಿಗೆ ಈ ಬಗೆಯ ಓದು ಅಪರಿಚಿತವೇನಲ್ಲ. ಕರಿಗಲ್ಲು ಕರಗಿ ಆದ ಎರೆಯು ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆ ಬಿದ್ದೊಡನೆ ಉಬ್ಬಿ ಬಾಯಿ ಮುಚ್ಚುತ್ತದೆ, ನೀರನ್ನು ಒಡಲಲ್ಲಿ ಬಹುದಿನ ಹಿಡಿದಿಡುತ್ತದೆ. 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಕಲಬುರಗಿ ತೊಗರಿಯ ಬೇರು ಇಳಿದಿರುವುದು ಈ ಮಣ್ಣಿನಲ್ಲಿಯೇ.

ಹಾಗಾದರೆ ಆ ಬೆಂಕಿ ಎಲ್ಲಿ ಹೋಯಿತು? ಅದು ಇದ್ದಲ್ಲಿಯೇ ಉಳಿಯಿತು, ನೆಲವೇ ಸರಿದುಬಂತು ಎಂಬುದು ಭೂವಿಜ್ಞಾನಿಗಳಲ್ಲಿ ಬಹುಮಾನ್ಯವಾದ ವಿವರಣೆ. ಭಾರತದ ಭೂಫಲಕ ಉತ್ತರಕ್ಕೆ ತೇಲಿಬಂದಿತು. ಅಂದು ದಖನಿನ ಕೆಳಗಿದ್ದ ತಾಪದ ಸೆಲೆ ಈಗ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಕೆಳಗಿದೆ. ಅಲ್ಲಿನ ಪಿತೋಂ ದ ಲಾ ಫೂರ್ನೇಸ್ ಜಗತ್ತಿನ ಅತ್ಯಂತ ಚುರುಕಾದ ಜ್ವಾಲಾಮುಖಿಗಳಲ್ಲಿ ಒಂದು. ತಾಜಸುಲ್ತಾನಪುರದ ಗೋಡೆಗಲ್ಲಿಗೂ ಆ ದ್ವೀಪದಲ್ಲಿ ಇಂದು ಹರಿಯುವ ಶಿಲಾರಸಕ್ಕೂ ಹೀಗೆ ಒಂದೇ ತವರು.

ಈ ಕಲ್ಲಿನ ಅಂಚನ್ನು ಮನದಲ್ಲಿರಿಸಿಕೊಂಡು ಸಾಹಿತ್ಯ ಚರಿತ್ರೆಯನ್ನು ನೋಡಿದರೆ ಇನ್ನೊಂದು ಸಂಗತಿ ಹೊಳೆಯುತ್ತದೆ. ‘ಕವಿರಾಜಮಾರ್ಗ’ವು ಕನ್ನಡ ನಾಡಿನ ಮೇರೆಯನ್ನು ಕಾವೇರಿ ಗೋದಾವರಿಗಳ ನಡುವೆ ಗುರುತಿಸಿತು. ಈ ಎರಡು ನದಿಗಳ ನಡುವೆ ದಕ್ಷಿಣದಲ್ಲಿ ಭೂಮಿಯ ಅತಿ ಪ್ರಾಚೀನ ಶಿಲೆಗಳಿವೆ, ಉತ್ತರದಲ್ಲಿ ಅವುಗಳೆದುರು ಎಳೆಯದೆನಿಸುವ ಈ ಕರಿಗಲ್ಲಿದೆ. ತಿರುಳ್ಗನ್ನಡದ ನೆಲೆಗಳಲ್ಲಿ ಕಿಸುವೊಳಲು ಕೆಂಪು ಮರಳುಗಲ್ಲಿನದು, ಕೊಪಣ ಬೆಣಚುಗಲ್ಲ ಬೆಟ್ಟಗಳದು. ಆ ಕೃತಿ ಹುಟ್ಟಿದ ಆಸ್ಥಾನದ ನೆಲೆಯಾದ ಮಾನ್ಯಖೇಟ, ಅಂದರೆ ಕಾಗಿಣಾ ತೀರದ ಇಂದಿನ ಮಳಖೇಡ, ಸುಣ್ಣಗಲ್ಲಿನ ಸೀಮೆಗೆ ಸೇರಿದ್ದು; ಶಹಾಬಾದ್ ಕಲ್ಲು ದೊರೆಯುವುದು ಆ ಸೀಮೆಯಲ್ಲಿಯೇ. ಮಾತು ಹಬ್ಬಿದ ನಾಡು ಕಲ್ಲಿನ ಗಡಿಗಳನ್ನು ಲೆಕ್ಕಿಸಲಿಲ್ಲ.

ರಾಷ್ಟ್ರಕೂಟರೂ ಕರಿಗಲ್ಲಿಗೆ ಅಂಜಲಿಲ್ಲ. 8ನೆಯ ಶತಮಾನದಲ್ಲಿ ಒಂದನೆಯ ಕೃಷ್ಣನ ಕಾಲದಲ್ಲಿ ಎಲ್ಲೋರದ ಕೈಲಾಸ ದೇಗುಲವನ್ನು ಕಡೆದದ್ದು ದಖನಿನ ಈ ಶಿಲಾರಸದ ಗಟ್ಟಿಯಲ್ಲಿಯೇ. ಅದೇ ಸಾಲಿನ ಜೈನ ಗುಹೆಗಳಲ್ಲಿ ಪಾರ್ಶ್ವನಾಥನೂ ಬಾಹುಬಲಿಯೂ ನಿಂತಿದ್ದಾರೆ. ಒಂದು ಕಾಲದಲ್ಲಿ ಕುದಿದು ಹರಿದ ದ್ರವ್ಯದಲ್ಲಿ ಉಪಶಮದ ಮೂರ್ತಿಗಳು ಮೂಡಿದವು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಜೈನ ಲೋಕವರ್ಣನೆಯಲ್ಲಿ ರತ್ನಪ್ರಭೆ, ಶರ್ಕರಾಪ್ರಭೆ, ವಾಲುಕಾಪ್ರಭೆ, ಪಂಕಪ್ರಭೆ, ಧೂಮಪ್ರಭೆ, ತಮಃಪ್ರಭೆ, ಮಹಾತಮಃಪ್ರಭೆ ಎಂಬ ಏಳು ಅಧೋಭೂಮಿಗಳಿವೆ. ಹರಳು, ಮರಳು, ಕೆಸರು, ಹೊಗೆ ಎಂದು ಇಳಿಯುವ ಈ ಹೆಸರುಗಳನ್ನು ಕಂಡು, ಪ್ರಾಚೀನರು ಭೂಗರ್ಭವನ್ನು ಬಲ್ಲವರಾಗಿದ್ದರು ಎಂದು ತೀರ್ಮಾನಿಸುವ ಚಪಲ ವಿದ್ಯಾರ್ಥಿಗಳಲ್ಲಿ ಉಂಟು. ಮೊಮ್ಮಗಳೂ ತನ್ನ ಪ್ರಬಂಧದ ಮೊದಲ ಕರಡಿನಲ್ಲಿ ಹಾಗೆಯೇ ಬರೆದು, ಆಮೇಲೆ ಹೊಡೆದುಹಾಕಿದಳು. ಆ ಭೂಮಿಗಳು ಕರ್ಮಫಲದ ಭೂಗೋಲಕ್ಕೆ ಸೇರಿದವು; ಅವುಗಳನ್ನು ಶಿಲಾಶಾಸ್ತ್ರಕ್ಕೆ ಹೊಂದಿಸಿದರೆ ಶಾಸ್ತ್ರಕ್ಕೂ ಅನ್ಯಾಯ, ಆಗಮಕ್ಕೂ ಅನ್ಯಾಯ.

ಮನೆಯ ಪ್ರಶ್ನೆ ಮಾತ್ರ ಉಳಿದೇ ಇತ್ತು. ಅದಕ್ಕೆ ಉತ್ತರ ದೊರೆತದ್ದು ಜ್ವಾಲಾಮುಖಿಯಿಂದಲ್ಲ, ಕಿಲ್ಲಾರಿಯಿಂದ. ನೇರ ರೇಖೆಯಲ್ಲಿ ಕಲಬುರಗಿಗೆ ಸುಮಾರು 80 ಕಿ.ಮೀ. ದೂರದಲ್ಲಿ, ಇದೇ ಕರಿಗಲ್ಲಿನ ಸೀಮೆಯಲ್ಲಿರುವ ಊರು ಅದು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿಯನ್ನು ನೀರಿಗೆ ಬಿಟ್ಟು ಬಂದು ಮಲಗಿದ್ದ ಜನರ ಮೇಲೆ ಮನೆಗಳು ಕುಸಿದವು. ಸತ್ತವರು 10 ಸಾವಿರದಷ್ಟು. ಆ ಕಂಪಕ್ಕೂ ಹಳೆಯ ಬೆಂಕಿಗೂ ಸಂಬಂಧವಿರಲಿಲ್ಲ. ಉತ್ತರಕ್ಕೆ ಒತ್ತುತ್ತಿರುವ ಭೂಫಲಕದ ಒಳಬಿಗಿತ ಸಡಿಲಿದ ರೀತಿ ಅದು. ಜನರನ್ನು ಕೊಂದದ್ದು ಮುಖ್ಯವಾಗಿ ಮಣ್ಣಿನಲ್ಲಿ ಕೂಡಿಸಿದ ಕಲ್ಲುಗೋಡೆ ಮತ್ತು ಮೇಲಿನ ಭಾರವಾದ ಮಾಳಿಗೆ. ಗೋಡೆಯ ಒಳಮೈ ಹೊರಮೈಗಳನ್ನು ಬೆಸೆಯುವ ಉದ್ದಗಲ್ಲುಗಳಿಲ್ಲದೆ ಅವು ಇಬ್ಭಾಗವಾಗಿ ಬಿದ್ದವು.

ಅದನ್ನು ಕೇಳಿದ ಮುತ್ಯಾ ಬಹಳ ಹೊತ್ತು ಮಾಳಿಗೆಯನ್ನೇ ನೋಡಿದರು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಸೋರದಿರಲೆಂದು ಬುಟ್ಟಿಗಟ್ಟಲೆ ಮಣ್ಣು ಹೊತ್ತು ಮೇಲೆ ಹಾಕಿದವರು ಅವರೇ. ಆರೈಕೆಯೇ ಆಪತ್ತಾಗಿ ಬೆಳೆದುದನ್ನು ಒಪ್ಪಿಕೊಳ್ಳುವುದು ಎಂಬತ್ತರ ವಯಸ್ಸಿನಲ್ಲಿ ಸುಲಭವಲ್ಲ. ಕಡೆಗೆ ಅವರು, “ಮಣ್ಣು ಇಳಸ್ರಿ. ಕಲ್ಲು ಮಾತ್ರ ಹೊರಗ ಹಾಕಬ್ಯಾಡ್ರಿ” ಎಂದರು.

ಹಾಗೆಯೇ ಆಯಿತು. ಮಾಳಿಗೆಯ ಮಣ್ಣು ಇಳಿದು ಹೊಲ ಸೇರಿತು. ಸಡಿಲಾದ ಗೋಡೆಗಳನ್ನು ಬಿಚ್ಚಿ, ಅವೇ ಕಲ್ಲುಗಳನ್ನು ಸಿಮೆಂಟಿನಲ್ಲಿ ಕೂಡಿಸಿ, ನಡುನಡುವೆ ಉದ್ದಗಲ್ಲು ಹಾಯಿಸಿ, ಬಾಗಿಲ ಮೇಲ್ಮಟ್ಟದಲ್ಲಿ ಸುತ್ತಲೂ ಕಾಂಕ್ರೀಟಿನ ಪಟ್ಟಿ ಕಟ್ಟಲಾಯಿತು. ಮೇಲೆ ಹಗುರವಾದ ತಗಡಿನ ಹೊದಿಕೆ. ಮಳೆಯ ಸದ್ದು ಮೊದಲಿಗಿಂತ ಜೋರಾಗಿ ಕೇಳುತ್ತದೆಂದು ಮುತ್ಯಾ ಈಗಲೂ ಗೊಣಗುತ್ತಾರೆ. ಆದರೆ ಮಲಗುವುದು ಮನೆಯೊಳಗೇ.